ಬೊಂಗಾಂವ್ ಕಾಲರಾ ಶಿಬಿರ, 1971: ಕರುಳಿನ ಪೊರೆಯಲ್ಲಿ ನೀರು ಹಿಡಿದ ದಾರಿ

1971ರ ಜೂನ್ ಕೊನೆಯ ವಾರದಲ್ಲಿ ಮಕ್ಕಳ ವೈದ್ಯ ದಿಲೀಪ್ ಮಹಾಲನಬೀಸ್ ಅವರು ಪಶ್ಚಿಮ ಬಂಗಾಳದ ಗಡಿ ಪಟ್ಟಣವಾದ ಬೊಂಗಾಂವ್‌ಗೆ ಬಂದಾಗ ಅಲ್ಲಿನ ಸಣ್ಣ ಆಸ್ಪತ್ರೆಯಲ್ಲಿ ಇದ್ದದ್ದು 16 ಹಾಸಿಗೆಗಳು. ಪೂರ್ವ ಪಾಕಿಸ್ತಾನದ ಯುದ್ಧದಿಂದ ತಪ್ಪಿಸಿಕೊಂಡು ಆ ವರ್ಷ ಭಾರತಕ್ಕೆ ಬಂದವರ ಸಂಖ್ಯೆ ಸುಮಾರು ಒಂದು ಕೋಟಿ. ಬೊಂಗಾಂವ್ ಮತ್ತು ಅದರ ಸುತ್ತಲೇ ಸುಮಾರು 3.5 ಲಕ್ಷ ಜನ ಬೀಡುಬಿಟ್ಟಿದ್ದರು. ಮಳೆಗಾಲ ಶುರುವಾಗಿ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಆಸ್ಪತ್ರೆಯ ಎರಡು ಕೋಣೆಗಳಲ್ಲಿ ನೆಲದ ಮೇಲೂ ರೋಗಿಗಳು ಮಲಗಿದ್ದರು, ಮತ್ತು ಸಲೈನ್ ಏರಿಸಬೇಕಾದ ವೈದ್ಯರು ಅವರ ವಾಂತಿ-ಭೇದಿಯ ನಡುವೆಯೇ ಮಂಡಿಯೂರಿ ಕೂರಬೇಕಾಗಿತ್ತು. ಶಿಬಿರಗಳಲ್ಲಿ ಕಾಲರಾ ತಗುಲಿದ ನೂರು ಮಂದಿಯಲ್ಲಿ 30 ಮಂದಿಯವರೆಗೂ ಸಾಯುತ್ತಿದ್ದರು.

ರೋಗಿಯ ರಕ್ತನಾಳಕ್ಕೆ ಲವಣದ್ರಾವಣ ಹರಿಸಿದರೆ ಕಾಲರಾ ಕೊಲ್ಲುವುದಿಲ್ಲ ಎಂಬುದು ಆಗಲೇ ಚೆನ್ನಾಗಿ ತಿಳಿದಿತ್ತು. ಆದರೆ ಬಾಟಲಿ, ಸೂಜಿ, ಕೊಳವೆ, ಇವುಗಳನ್ನು ಹಿಡಿದು ನಿಲ್ಲಬಲ್ಲ ತರಬೇತಾದ ಕೈಗಳು, ಇವು ಯಾವುವೂ ಸಾಲುವುದಿಲ್ಲ ಎಂಬುದು ಎರಡೇ ದಿನಗಳಲ್ಲಿ ಸ್ಪಷ್ಟವಾಯಿತು. ಆಗ ಮಹಾಲನಬೀಸ್ ತೆಗೆದುಕೊಂಡ ನಿರ್ಧಾರವೇ ಈ ಅಧ್ಯಯನದ ವಿಷಯ. ಪ್ರಜ್ಞೆಯಿದ್ದು ನುಂಗಬಲ್ಲ ಪ್ರತಿಯೊಬ್ಬ ರೋಗಿಗೂ ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಅಡುಗೆ ಸೋಡಾ ಕರಗಿಸಿದ ನೀರನ್ನು ಕುಡಿಸಬೇಕು. ಕುಡಿಸುವ ಕೆಲಸವನ್ನು ತಾಯಿ, ಅಣ್ಣ, ಅಕ್ಕ, ಯಾರು ಪಕ್ಕದಲ್ಲಿದ್ದಾರೋ ಅವರಿಗೇ ಒಪ್ಪಿಸಬೇಕು. ಉಳಿದಿರುವ ಸಲೈನನ್ನು ನಾಡಿಯೇ ಸಿಗದಷ್ಟು ಕುಸಿದು ಬಂದವರಿಗೆ ಮಾತ್ರ ಮೀಸಲಿಡಬೇಕು.

ಈ ಪ್ರಕರಣವನ್ನು ವೈದ್ಯರ ಧೈರ್ಯದ ಕಥೆಯಾಗಿ ಹಲವರು ಹೇಳಿದ್ದಾರೆ, ಅದು ನಿಜವೂ ಹೌದು. ಆದರೆ ಜೀವಕೋಶದ ಪೊರೆಯನ್ನು ನೀರು ಹೇಗೆ ದಾಟುತ್ತದೆ ಎಂಬುದನ್ನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ದೇಹದಲ್ಲಿ ನೀರನ್ನೇ ನೇರವಾಗಿ ಎತ್ತಿ ಹಾಕುವ ಪಂಪು ಯಾವ ಕೋಶದಲ್ಲೂ ಪತ್ತೆಯಾಗಿಲ್ಲ. ಕರಗಿದ ಕಣಗಳು ಎಲ್ಲಿ ಹೆಚ್ಚಾಗುತ್ತವೋ ಅಲ್ಲಿಗೆ ನೀರು ತಾನಾಗಿ ಹೋಗುತ್ತದೆ. ಬೊಂಗಾಂವ್‌ನ ರೋಗಿಗಳ ದೇಹದಿಂದ ನೀರನ್ನು ಹೊರಗೆಳೆದದ್ದು ಈ ನಿಯಮವೇ, ಅವರ ದೇಹಕ್ಕೆ ನೀರನ್ನು ಮರಳಿಸಿದ್ದೂ ಇದೇ ನಿಯಮ.

ಪೊರೆ ಮತ್ತು ನೀರು

ಕೋಶಪೊರೆ ಎಂದರೆ ಕೊಬ್ಬಿನ ಅಣುಗಳ ಎರಡು ಪದರ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂಥ ಸಣ್ಣ ಅನಿಲ ಅಣುಗಳು ಈ ಕೊಬ್ಬಿನ ನಡುವೆಯೇ ನುಸುಳಿ, ಸಾಂದ್ರತೆ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತವೆ, ಇದು ವಿಸರಣೆ. ವಿದ್ಯುದಾವೇಶ ಹೊತ್ತ ಸೋಡಿಯಂ, ಕ್ಲೋರೈಡ್ ಅಯಾನುಗಳಿಗೆ ಈ ದಾರಿ ಇಲ್ಲ. ಅವುಗಳಿಗೆ ಪ್ರೋಟೀನಿನ ನಾಳಗಳೋ ವಾಹಕಗಳೋ ಬೇಕು. ನೀರು ಕೊಬ್ಬಿನ ಪದರದ ಮೂಲಕವೂ ನಿಧಾನವಾಗಿ ದಾಟಬಲ್ಲದು, ಆದರೆ ಕೆಂಪು ರಕ್ತಕಣದಂಥ ಕೋಶಗಳಲ್ಲಿ ಅದು ದಾಟುವ ವೇಗವನ್ನು ನೋಡಿದರೆ ಬೇರೆ ದಾರಿ ಇರಲೇಬೇಕು ಎಂಬ ಅನುಮಾನ ಬಹಳ ಕಾಲದಿಂದ ಇತ್ತು. ಪೀಟರ್ ಆಗ್ರೆ ಅವರ ಪ್ರಯೋಗಾಲಯವು ಅಕ್ವಾಪೊರಿನ್ ಎಂಬ ಪ್ರೋಟೀನು ನೀರಿನ ನಾಳವೆಂದು 1992ರಲ್ಲಿ ತೋರಿಸಿಕೊಟ್ಟಿತು. ಆ ಕೆಲಸಕ್ಕೆ 2003ರ ನೊಬೆಲ್ ಪುರಸ್ಕಾರ ಬಂತು. ಈ ನಾಳವೂ ನೀರನ್ನು ತಳ್ಳುವುದಿಲ್ಲ. ಬಾಗಿಲು ತೆರೆದಿಡುತ್ತದೆ, ಅಷ್ಟೇ.

ಕರಗಿದ ಕಣಗಳು ಪೊರೆಯನ್ನು ಸುಲಭವಾಗಿ ದಾಟಲಾರದೆ ಒಂದು ಬದಿಯಲ್ಲಿ ಹೆಚ್ಚಾದಾಗ ನೀರು ಆ ಬದಿಗೆ ಸರಿಯುವುದನ್ನು ಅಭಿಸರಣೆ ಅಥವಾ ಆಸ್ಮಾಸಿಸ್ ಎನ್ನುತ್ತೇವೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಮಾತ್ರ ಬೆರೆಸುವುದು ಇದೇ ಕಾರಣಕ್ಕೆ: ಮೊದಲೇ ಹಾಕಿದರೆ ಸೌತೆಕಾಯಿಯ ಕೋಶಗಳೊಳಗಿನ ನೀರು ಹೊರಗಿನ ಉಪ್ಪಿನ ಕಡೆಗೆ ಬಂದುಬಿಡುತ್ತದೆ. ಈ ಸೆಳೆತದ ಬಲವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. ದೇಹದ ಉಷ್ಣತೆಯಲ್ಲಿ ಪೊರೆಯ ಎರಡೂ ಕಡೆಯ ದ್ರವಗಳ ನಡುವೆ ಲೀಟರಿಗೆ ಒಂದೇ ಒಂದು ಮಿಲಿಆಸ್ಮೋಲ್ (ಕರಗಿದ ಒಟ್ಟು ಕಣಗಳ ಎಣಿಕೆಯ ಅಳತೆ) ವ್ಯತ್ಯಾಸವಿದ್ದರೆ ಅದು ಸುಮಾರು 19 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಸಮ. ರಕ್ತದ ಒಟ್ಟು ಸಾಂದ್ರತೆ ಲೀಟರಿಗೆ 280ರಿಂದ 295 ಮಿಲಿಆಸ್ಮೋಲ್ ಎಂಬುದನ್ನು ನೆನೆದರೆ, ನೂರಕ್ಕೆ ಒಂದರಷ್ಟು ಏರುಪೇರು ಕೂಡ ನೀರನ್ನು ಎಷ್ಟು ಜೋರಾಗಿ ಸರಿಸಬಲ್ಲದು ಎಂಬುದು ಅರ್ಥವಾಗುತ್ತದೆ.

ಆರೋಗ್ಯವಂತ ವಯಸ್ಕರ ಸಣ್ಣ ಕರುಳಿಗೆ ದಿನಕ್ಕೆ 8ರಿಂದ 9 ಲೀಟರ್ ದ್ರವ ಬಂದು ಸೇರುತ್ತದೆ. ಕುಡಿದದ್ದು ಅದರಲ್ಲಿ ಸುಮಾರು 2 ಲೀಟರ್. ಉಳಿದದ್ದು ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ ಮತ್ತು ಕರುಳಿನದೇ ಸ್ರಾವ. ಮಲದಲ್ಲಿ ಹೊರಗೆ ಹೋಗುವುದು 100ರಿಂದ 200 ಮಿಲಿಲೀಟರ್ ಮಾತ್ರ. ಇಷ್ಟೊಂದು ನೀರು ಪ್ರತಿದಿನವೂ ಎರಡೂ ದಿಕ್ಕಿನಲ್ಲಿ ಓಡಾಡುವ ಜಾಗದಲ್ಲಿ ಸಮತೋಲ ಸ್ವಲ್ಪ ವಾಲಿದರೂ ಆಗುವ ನಷ್ಟ ದೊಡ್ಡದು.

ಕಾಲರಾ ವಿಷ ಮಾಡುವುದೇನು

ಕಾಲರಾ ಬ್ಯಾಕ್ಟೀರಿಯಾ ಕರುಳಿನ ಒಳಪದರವನ್ನೇ ಕಿತ್ತುಹಾಕುತ್ತದೆ, ಹಾಗಾಗಿ ಬಾಯಿಂದ ಕೊಟ್ಟದ್ದು ಏನೂ ಒಳಗೆ ಹೋಗದು ಎಂಬ ನಂಬಿಕೆ ಬಹಳ ಕಾಲ ಬಲವಾಗಿತ್ತು. 1959ರಲ್ಲಿ ಕಲ್ಕತ್ತೆಯಲ್ಲಿ ಶಂಭುನಾಥ್ ಡೇ ಅವರು ಬ್ಯಾಕ್ಟೀರಿಯಾಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿನ ಕಟ್ಟಿದ ತುಂಡಿಗೆ ಹಾಕಿ, ಅಷ್ಟರಿಂದಲೇ ಆ ತುಂಡು ನೀರಿನಿಂದ ಉಬ್ಬುವುದನ್ನು ತೋರಿಸಿದರು. ಅಂದರೆ ರೋಗದ ಕಾರಣ ಒಂದು ವಿಷವಸ್ತು. ಮರುವರ್ಷ ಬ್ಯಾಂಕಾಕ್‌ನಲ್ಲಿ ರೋಗಿಗಳ ಕರುಳಿನಿಂದಲೇ ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಪದರ ಹರಿಯದೆ ಇಡಿಯಾಗಿಯೇ ಇರುವುದು ಕಂಡಿತು. ಬೊಂಗಾಂವ್‌ನ ಚಿಕಿತ್ಸೆಗೆ ನೆಲಗಟ್ಟು ಇವೆರಡು ಸಂಗತಿಗಳು. ಡೇ ಅವರಿಗೆ ಅವರ ಕಾಲದಲ್ಲಿ ಸಿಗಬೇಕಾಗಿದ್ದ ಮನ್ನಣೆ ಸಿಗಲಿಲ್ಲ ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ.

ವಿಷವು ಕರುಳಿನ ಕೋಶದೊಳಗೆ ಹೊಕ್ಕು ಒಂದು ಸಂಕೇತ-ಪ್ರೋಟೀನನ್ನು ಚಾಲೂ ಸ್ಥಿತಿಯಲ್ಲೇ ಕಚ್ಚಿಹಿಡಿಸುತ್ತದೆ. ಅದರಿಂದ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಪ್ರಮಾಣ ಏರಿ, ಕರುಳಿನ ಟೊಳ್ಳಿನ ಕಡೆಗಿರುವ ಪೊರೆಯಲ್ಲಿ ಕ್ಲೋರೈಡ್ ನಾಳಗಳು ತೆರೆದೇ ಉಳಿಯುತ್ತವೆ. ಅಲ್ಲಿಂದ ಮುಂದೆ ನಡೆಯುವುದೆಲ್ಲ ಇಳಿಜಾರಿನ ಹರಿವು. ಕ್ಲೋರೈಡ್ ತನ್ನ ವಿದ್ಯುತ್-ರಾಸಾಯನಿಕ ಇಳಿಜಾರಿನಲ್ಲಿ ಕರುಳಿನೊಳಕ್ಕೆ ಹರಿಯುತ್ತದೆ. ಅದರ ಋಣಾವೇಶ ಸೋಡಿಯಂ ಅಯಾನುಗಳನ್ನು ಸೆಳೆಯುತ್ತದೆ, ಮತ್ತು ಅವು ಕೋಶ-ಕೋಶಗಳ ನಡುವಿನ ಬೆಸುಗೆಯ ಸಂದುಗಳಿಂದ ಹಿಂಬಾಲಿಸುತ್ತವೆ. ಎರಡೂ ಸೇರಿ ಟೊಳ್ಳಿನಲ್ಲಿ ಕಣಗಳ ಸಂಖ್ಯೆ ಏರುತ್ತಿದ್ದಂತೆ ಅವುಗಳ ಹಿಂದೆಯೇ ನೀರು ಬರುತ್ತದೆ. ಜೊತೆಗೆ, ಉಪ್ಪನ್ನು ಸಾಮಾನ್ಯ ದಿನಗಳಲ್ಲಿ ಒಳಗೆಳೆದುಕೊಳ್ಳುವ ಮುಖ್ಯ ದಾರಿಯನ್ನೂ ಇದೇ ಸೈಕ್ಲಿಕ್ ಎಎಂಪಿ ಮುಚ್ಚುತ್ತದೆ. ತೀವ್ರ ರೋಗದಲ್ಲಿ ಅಕ್ಕಚ್ಚಿನಂಥ ಭೇದಿ ಗಂಟೆಗೆ ಒಂದು ಲೀಟರ್‌ವರೆಗೂ ಹೋಗಬಹುದು.

ಹೀಗೆ ಹೋಗುವ ದ್ರವದ ಒಟ್ಟು ಕಣ-ಸಾಂದ್ರತೆ ರಕ್ತದ್ದಕ್ಕೆ ಹೆಚ್ಚುಕಡಿಮೆ ಸಮವಾಗಿರುತ್ತದೆ, ಮತ್ತು ರೋಗಿ ಕುಸಿಯುವ ರೀತಿಗೆ ಕಾರಣವೂ ಇದೇ. ಹೊರಗಿನ ದ್ರವದ ಸಾಂದ್ರತೆ ಬದಲಾಗದಿರುವುದರಿಂದ ದೇಹದ ಉಳಿದ ಕೋಶಗಳು ತಮ್ಮೊಳಗಿನ ನೀರನ್ನು ರಕ್ತಕ್ಕೆ ಬಿಟ್ಟುಕೊಡುವುದಿಲ್ಲ. ನಷ್ಟವೆಲ್ಲವೂ ರಕ್ತ ಮತ್ತು ಅಂಗಾಂಶ ದ್ರವದ ಮೇಲೆಯೇ ಬೀಳುತ್ತದೆ. ಕಣ್ಣು ಗುಳಿಬೀಳುತ್ತದೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುತ್ತದೆ, ಮಣಿಕಟ್ಟಿನ ನಾಡಿ ಸಿಗುವುದಿಲ್ಲ. ದೇಹದ ತೂಕದ ಹತ್ತನೇ ಒಂದು ಭಾಗ ಹೀಗೆ ಹೋದರೆ ಚಿಕಿತ್ಸೆ ಇಲ್ಲದೆ ಬದುಕುವುದು ಕಷ್ಟ.

ಬಾಯಾರಿದವರಿಗೆ ಬರೀ ನೀರು ಕೊಟ್ಟರೆ ಸಾಲದೆ ಎಂಬ ಪ್ರಶ್ನೆ ಸಹಜ. ಕರುಳಿನಲ್ಲಿ ಬರೀ ನೀರಿದ್ದರೆ ಅದರಲ್ಲಿ ಒಂದಿಷ್ಟು ಅಭಿಸರಣೆಯಿಂದ ಒಳಗೆ ಹೋಗುತ್ತದೆ, ನಿಜ. ಆದರೆ ಅದೇ ಹೊತ್ತಿಗೆ ರಕ್ತದ ಕಡೆಯ ಸೋಡಿಯಂ ಸಂದುಗಳಿಂದ ಕರುಳಿಗೆ ವಿಸರಿಸುತ್ತದೆ. ಒಳಗೆ ಹೋದ ನೀರು ಈಗಾಗಲೇ ಸೋಡಿಯಂ ಕಳೆದುಕೊಂಡಿರುವ ರಕ್ತವನ್ನು ಇನ್ನಷ್ಟು ತೆಳುವಾಗಿಸುತ್ತದೆ, ಆ ತೆಳುವಾದ ರಕ್ತದಿಂದ ನೀರು ಮಿದುಳಿನ ಕೋಶಗಳಿಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ಬರೀ ಉಪ್ಪುನೀರು ಕೊಟ್ಟರೂ ಉಪಯೋಗ ಕಡಿಮೆ, ಏಕೆಂದರೆ ಉಪ್ಪು ಒಳಗೆ ಹೋಗುವ ಸಾಮಾನ್ಯ ದಾರಿ ಮುಚ್ಚಿದೆ. ಉಪ್ಪು ಕರುಳಿನಲ್ಲೇ ಉಳಿದರೆ ನೀರೂ ಅಲ್ಲೇ ಉಳಿಯುತ್ತದೆ.

ತೆರೆದೇ ಉಳಿದ ಇನ್ನೊಂದು ಬಾಗಿಲು

1960ರಲ್ಲಿ ಪ್ರಾಗ್ ನಗರದ ಒಂದು ಸಮಾವೇಶದಲ್ಲಿ ರಾಬರ್ಟ್ ಕ್ರೇನ್ ಅವರು ಕರುಳಿನ ಕೋಶ ಗ್ಲೂಕೋಸನ್ನು ಸೋಡಿಯಂ ಜೊತೆಗೂಡಿಸಿಯೇ ಒಳಗೆ ತೆಗೆದುಕೊಳ್ಳುತ್ತದೆ ಎಂಬ ಊಹೆಯನ್ನು ಮುಂದಿಟ್ಟರು. ಆ ವಾಹಕ ಪ್ರೋಟೀನಿಗೆ ಇಂದು ಎಸ್‌ಜಿಎಲ್‌ಟಿ-1 ಎಂಬ ಹೆಸರಿದೆ. ಅದು ಒಂದು ಗ್ಲೂಕೋಸ್ ಅಣುವಿನೊಂದಿಗೆ ಎರಡು ಸೋಡಿಯಂ ಅಯಾನುಗಳನ್ನು ಒಯ್ಯುತ್ತದೆ. ಕಾಲರಾ ವಿಷಕ್ಕೆ ಈ ವಾಹಕ ಬಗ್ಗುವುದಿಲ್ಲ.

ಒಂದೇ ಒಂದು ಕೋಶವನ್ನು ಹತ್ತಿರದಿಂದ ನೋಡೋಣ. ಅದಕ್ಕೆ ಎರಡು ಮುಖಗಳಿವೆ: ಒಂದು ಕರುಳಿನ ಟೊಳ್ಳಿಗೆ, ಇನ್ನೊಂದು ರಕ್ತದ ಕಡೆಗೆ. ರಕ್ತದ ಕಡೆಯ ಪೊರೆಯಲ್ಲಿರುವ ಸೋಡಿಯಂ-ಪೊಟ್ಯಾಸಿಯಂ ಪಂಪು ಕೋಶದ ಇಂಧನವಾದ ಎಟಿಪಿಯ ಒಂದು ಅಣುವನ್ನು ಖರ್ಚುಮಾಡಿ ಮೂರು ಸೋಡಿಯಂಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂಗಳನ್ನು ಒಳಗೆ ತರುತ್ತದೆ. ಈ ಇಡೀ ಏರ್ಪಾಡಿನಲ್ಲಿ ಇಂಧನ ನೇರವಾಗಿ ಖರ್ಚಾಗುವ ಜಾಗ ಇದೊಂದೇ. ಪಂಪು ಹೀಗೆ ದುಡಿಯುವುದರಿಂದ ಕೋಶದೊಳಗೆ ಸೋಡಿಯಂ ಸದಾ ಕಡಿಮೆ, ಆದ್ದರಿಂದ ಟೊಳ್ಳಿನ ಕಡೆಯಿಂದ ಅದು ಒಳಗೆ ಬರಲು ತುದಿಗಾಲಲ್ಲಿ ನಿಂತಿರುತ್ತದೆ. ಗ್ಲೂಕೋಸ್ ಸಿಕ್ಕೊಡನೆ ಎರಡೂ ಒಟ್ಟಿಗೆ ಒಳಗೆ ಬರುತ್ತವೆ. ಒಳಗೆ ಬಂದ ಗ್ಲೂಕೋಸ್ ರಕ್ತದ ಕಡೆಯ ಪೊರೆಯಲ್ಲಿರುವ ಇನ್ನೊಂದು ವಾಹಕದ ಮೂಲಕ ತನ್ನ ಸಾಂದ್ರತೆಯ ಇಳಿಜಾರಿನಲ್ಲೇ ಹೊರಬೀಳುತ್ತದೆ. ಇಂಧನ ಬೇಡದ ಈ ಬಗೆಗೆ ಸುಗಮಗೊಳಿಸಿದ ವಿಸರಣೆ ಎಂದು ಹೆಸರು. ಸೋಡಿಯಂ ಅನ್ನು ಪಂಪು ಹೊರಹಾಕುತ್ತದೆ. ಹೀಗೆ ಪಕ್ಕಪಕ್ಕದ ಕೋಶಗಳ ನಡುವಿನ ಕಿರಿದಾದ ಸಂದಿನಲ್ಲಿ ಸೋಡಿಯಂ, ಅದರ ಜೊತೆಗೆ ಕ್ಲೋರೈಡ್, ಗ್ಲೂಕೋಸ್ ಎಲ್ಲವೂ ಸೇರಿ ಅಲ್ಲಿನ ಸಾಂದ್ರತೆ ಒಂದಿಷ್ಟು ಏರುತ್ತದೆ. ಟೊಳ್ಳಿನ ದ್ರವದಿಂದ ಕಣಗಳು ಕಡಿಮೆಯಾಗಿವೆ, ಸಂದಿನಲ್ಲಿ ಹೆಚ್ಚಾಗಿವೆ. ನೀರು ಸಂದಿಗೆ ಸರಿದು ಅಲ್ಲಿಂದ ರಕ್ತನಾಳ ಸೇರುತ್ತದೆ. ನೀರಿನ ಎಷ್ಟು ಪಾಲು ಪೊರೆಯ ಮೂಲಕ, ಎಷ್ಟು ಪಾಲು ಬೆಸುಗೆಯ ಮೂಲಕ, ಎಷ್ಟು ಪಾಲು ಗ್ಲೂಕೋಸ್ ವಾಹಕದ ಒಳಗಿನಿಂದಲೇ ಹೋಗುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಚರ್ಚೆಯಿದೆ, ಆದರೆ ಲವಣ ಹೋದ ಕಡೆಗೇ ನೀರು ಹೋಗುತ್ತದೆ ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ.

1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಅವರು ಗ್ಲೂಕೋಸ್-ಲವಣದ ದ್ರಾವಣವನ್ನು ಕುಡಿಸಿ, ವಯಸ್ಕ ಕಾಲರಾ ರೋಗಿಗಳಿಗೆ ಬೇಕಾಗುವ ಸಲೈನಿನ ಪ್ರಮಾಣವನ್ನು ಶೇ. 80ರಷ್ಟು ತಗ್ಗಿಸಬಹುದೆಂದು ತೋರಿಸಿದರು. ಕಲ್ಕತ್ತೆಯ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಲ್ಲೂ ಇಂಥದೇ ಕೆಲಸ ನಡೆದಿತ್ತು, ಮಹಾಲನಬೀಸ್ ಅಲ್ಲಿಯವರೇ. ಆದರೆ ಆ ಪ್ರಯೋಗಗಳೆಲ್ಲ ನುರಿತ ಸಿಬ್ಬಂದಿಯ ಕಣ್ಗಾವಲಿನಲ್ಲಿ, ವಾರ್ಡಿನೊಳಗೆ ನಡೆದವು. ನಿರಾಶ್ರಿತರ ಶಿಬಿರದಲ್ಲಿ, ಮನೆಯವರ ಕೈಯಿಂದ ಇದು ಸಾಧ್ಯವೇ ಎಂಬುದು ಗೊತ್ತಿರಲಿಲ್ಲ.

ಪೊಟ್ಟಣದ ಲೆಕ್ಕ

ಕಲ್ಕತ್ತೆಯ ಕೇಂದ್ರದ ಗ್ರಂಥಾಲಯದ ಕೋಣೆಯನ್ನೇ ಪೊಟ್ಟಣ ಕಟ್ಟುವ ಜಾಗವಾಗಿ ಮಾಡಿಕೊಂಡು, ತೂಗಿದ ಪುಡಿಯನ್ನು ಪಾಲಿಥೀನ್ ಚೀಲಗಳಲ್ಲಿ ಮುಚ್ಚಿ ಬೊಂಗಾಂವ್‌ಗೆ ಕಳಿಸಲಾಯಿತು. ಅಲ್ಲಿ ಅದನ್ನು ಡ್ರಮ್ಮುಗಳಲ್ಲಿ ಕುಡಿಯುವ ನೀರಿಗೆ ಬೆರೆಸಿ ಇಟ್ಟರೆ ರೋಗಿಗಳ ಕಡೆಯವರು ಲೋಟದಲ್ಲಿ ಹಿಡಿದುಕೊಂಡು ಹೋಗಿ ಕುಡಿಸುತ್ತಿದ್ದರು. ಲೀಟರು ನೀರಿಗೆ ಬಿದ್ದ ಅಳತೆ ಇಷ್ಟು: ಗ್ಲೂಕೋಸ್ 22 ಗ್ರಾಂ, ಅಡುಗೆ ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ.

ಈ ಅಂಕಿಗಳನ್ನು ಅಣುಗಳ ಲೆಕ್ಕಕ್ಕೆ ಇಳಿಸಿ ನೋಡುವುದು ಸಾರ್ಥಕ. ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಹರಳಿನ ಅಣುತೂಕ 198. ಹಾಗಾಗಿ 22 ಗ್ರಾಂ ಎಂದರೆ 111 ಮಿಲಿಮೋಲ್ (ಮಿಲಿಮೋಲ್ ಎಂದರೆ ಒಂದೇ ಬಗೆಯ ಕಣಗಳ ಎಣಿಕೆಯ ಅಳತೆ). ಉಪ್ಪಿನಿಂದ 60 ಮಿಲಿಮೋಲ್ ಸೋಡಿಯಂ, ಅಷ್ಟೇ ಕ್ಲೋರೈಡ್. ಸೋಡಾದಿಂದ 30 ಮಿಲಿಮೋಲ್ ಸೋಡಿಯಂ, ಅಷ್ಟೇ ಬೈಕಾರ್ಬೊನೇಟ್. ಸೋಡಿಯಂ ಒಟ್ಟು 90. ಎಲ್ಲ ಕಣಗಳನ್ನೂ ಕೂಡಿದರೆ 291 ಮಿಲಿಆಸ್ಮೋಲ್. ರಕ್ತದ ಸಾಂದ್ರತೆಯ ಅಂಕಿಗೆ ಇದು ಸರಿಯಾಗಿ ಹೊಂದುತ್ತದೆ. ದ್ರಾವಣ ಕರುಳಿಗೆ ಇಳಿದ ಕ್ಷಣದಲ್ಲಿ ನೀರನ್ನು ಯಾವ ಕಡೆಗೂ ಎಳೆಯುವುದಿಲ್ಲ. ವಾಹಕಗಳು ಸೋಡಿಯಂ-ಗ್ಲೂಕೋಸನ್ನು ಒಯ್ಯತೊಡಗಿದ ಮೇಲೆ ಹರಿವು ಒಳಮುಖವಾಗಿ ಶುರುವಾಗುತ್ತದೆ. ಬೈಕಾರ್ಬೊನೇಟ್ ಇದ್ದದ್ದು ಭೇದಿಯಲ್ಲಿ ಕ್ಷಾರ ಹೋಗಿ ರಕ್ತ ಆಮ್ಲದ ಕಡೆಗೆ ವಾಲುವುದನ್ನು ಸರಿಪಡಿಸಲು. ಈ ಪೊಟ್ಟಣದಲ್ಲಿ ಪೊಟ್ಯಾಸಿಯಂ ಇರಲಿಲ್ಲ, ಅದೊಂದು ಕೊರತೆಯೇ. ಮುಂದೆ ಬಂದ ಸೂತ್ರಗಳು ಅದನ್ನು ತುಂಬಿದವು.

ಈ ದ್ರಾವಣ ಭೇದಿಯನ್ನು ನಿಲ್ಲಿಸುವುದಿಲ್ಲ. ಕ್ಲೋರೈಡ್ ನಾಳಗಳ ಮೇಲಿನ ವಿಷದ ಹಿಡಿತ ಹಾಗೆಯೇ ಇರುತ್ತದೆ, ಆದ್ದರಿಂದ ಮಗು ಕುಡಿಯುತ್ತಲೇ ಇದ್ದರೂ ಭೇದಿ ಹೋಗುತ್ತಲೇ ಇರುತ್ತದೆ. ಕುಡಿಸಿದ್ದೆಲ್ಲ ಹೊರಗೆ ಹೋಗುತ್ತಿದೆ ಎಂದು ತಾಯಿ ಕೈಬಿಟ್ಟರೆ ಅಲ್ಲಿಗೆ ಚಿಕಿತ್ಸೆ ಮುಗಿಯಿತು. ಒಳಗೆ ಹೋಗುವುದು ಹೊರಗೆ ಹೋಗುವುದಕ್ಕಿಂತ ಹೆಚ್ಚಾಗಿದ್ದರೆ ಸಾಕು ಎಂಬುದನ್ನು ಆಕೆ ಕಣ್ಣಾರೆ ಕಾಣುವುದು ಮಗುವಿನ ಮುಖದಲ್ಲಿ: ಗುಳಿಬಿದ್ದ ಕಣ್ಣು ತುಂಬಿಕೊಳ್ಳುತ್ತದೆ, ಮೂತ್ರ ಮತ್ತೆ ಬರುತ್ತದೆ. ಬೊಂಗಾಂವ್‌ನಲ್ಲಿ ಮನೆಯವರನ್ನೇ ಚಿಕಿತ್ಸಕರಾಗಿ ಮಾಡಿದ್ದರಿಂದ ಈ ಬದಲಾವಣೆಯನ್ನು ಅವರೇ ನೋಡುವಂತಾಯಿತು. ಅಲ್ಲಿನ ಯಶಸ್ಸಿನಲ್ಲಿ ಇದರ ಪಾಲನ್ನು ನಾನು ದ್ರಾವಣದ ಪಾಲಿಗಿಂತ ಕಡಿಮೆ ಎಂದು ಎಣಿಸುವುದಿಲ್ಲ.

ಸುಮಾರು ಎಂಟು ವಾರಗಳಲ್ಲಿ 3,700ಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ದೊರೆಯಿತು, ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ವರದಿ 1973ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ನಿಯಂತ್ರಿತ ಪ್ರಯೋಗವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಹೋಲಿಕೆಗೆ ಬೇರೊಂದು ಗುಂಪನ್ನು ಇಟ್ಟಿರಲಿಲ್ಲ; ಇಡುವುದು ಆ ಸ್ಥಿತಿಯಲ್ಲಿ ನ್ಯಾಯವೂ ಆಗುತ್ತಿರಲಿಲ್ಲ. ತೀರಾ ಕುಸಿದು ಬಂದವರಿಗೆ ಮೊದಲು ಸಲೈನ್ ಏರಿಸಿಯೇ ಆಮೇಲೆ ಕುಡಿಸಲಾಗುತ್ತಿತ್ತು, ಹಾಗಾಗಿ ಪೂರ್ತಿ ಶ್ರೇಯಸ್ಸನ್ನು ಪೊಟ್ಟಣಕ್ಕೇ ಬರೆಯುವುದೂ ಸರಿಯಲ್ಲ. ಆದರೆ ಢಾಕಾ ಮತ್ತು ಕಲ್ಕತ್ತೆಯ ಪ್ರಯೋಗಗಳು ಹೇಳಿದ್ದನ್ನೇ ಶಿಬಿರದ ಅಂಕಿಗಳೂ ಹೇಳಿದವು. ವಿಶ್ವ ಆರೋಗ್ಯ ಸಂಸ್ಥೆಯ ಧೀಮನ್ ಬರುವಾ ಅವರು ಶಿಬಿರಕ್ಕೆ ಬಂದು ಕಣ್ಣಾರೆ ಕಂಡು, ಈ ಕ್ರಮದ ಪರವಾಗಿ ನಿಂತರು. 1978ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕೀಯ ಸೋಡಿಯಂ-ಗ್ಲೂಕೋಸ್ ಜೋಡಿ ಸಾಗಾಣಿಕೆಯ ಶೋಧವನ್ನು ಆ ಶತಮಾನದ ಅತಿ ಮಹತ್ವದ ವೈದ್ಯಕೀಯ ಮುನ್ನಡೆಯಾಗಬಹುದೆಂದು ಕರೆಯಿತು. ಮಹಾಲನಬೀಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಸಂದಿತು.

ಇಂದಿನ ಪೊಟ್ಟಣ

ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುವ ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಸುವ ಲವಣ-ಗ್ಲೂಕೋಸ್ ಪುಡಿ) ಪೊಟ್ಟಣದ ಸೂತ್ರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಒಪ್ಪಿಕೊಂಡದ್ದು. ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10. ಕೂಡಿದರೆ ಲೀಟರಿಗೆ 245 ಮಿಲಿಆಸ್ಮೋಲ್. ರಕ್ತಕ್ಕಿಂತ ಬೇಕೆಂದೇ ಸ್ವಲ್ಪ ತೆಳು: ವಾಹಕಗಳ ಕೆಲಸಕ್ಕೆ ಅಭಿಸರಣೆಯ ಸೆಳೆತವೂ ಮೊದಲಿನಿಂದಲೇ ಕೂಡಿಕೊಳ್ಳುತ್ತದೆ.

ಗಂಜಿಗೆ ಉಪ್ಪು ಹಾಕಿ ಕುಡಿಸುವ ನಮ್ಮ ರೂಢಿಗೂ ಇಲ್ಲಿ ಆಧಾರವಿದೆ. ಪಿಷ್ಟದ ಅಣು ಬಹಳ ದೊಡ್ಡದಾದ್ದರಿಂದ ಗ್ರಾಂ ಲೆಕ್ಕದಲ್ಲಿ ಎಷ್ಟೇ ಇದ್ದರೂ ಕಣಗಳ ಸಂಖ್ಯೆ ಕಡಿಮೆ, ಆದ್ದರಿಂದ ಅದು ನೀರನ್ನು ಕರುಳಿಗೆ ಎಳೆಯುವುದಿಲ್ಲ. ಜೀರ್ಣವಾಗುತ್ತ ಹೋದಂತೆ ಗ್ಲೂಕೋಸನ್ನು ಸ್ವಲ್ಪಸ್ವಲ್ಪವಾಗಿ ವಾಹಕದ ಬಾಯಿಗೇ ಒದಗಿಸುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದರೂ ಸೋಡಿಯಂ ಕಡಿಮೆ, ಹಾಗಾಗಿ ತೀವ್ರ ವಾಂತಿ-ಭೇದಿಯಲ್ಲಿ ಅದೊಂದನ್ನೇ ನೆಚ್ಚಬಾರದು. ಸಕ್ಕರೆ ತುಂಬಿದ ಹಣ್ಣಿನ ರಸ, ತಂಪು ಪಾನೀಯಗಳ ವಿಷಯದಲ್ಲಂತೂ ಅಪಾಯವೇ ಹೆಚ್ಚು. ಅವುಗಳ ಸಾಂದ್ರತೆ ರಕ್ತದ ಎರಡು ಪಟ್ಟಿಗೂ ಏರಬಹುದು, ಆಗ ನೀರು ರಕ್ತದಿಂದ ಕರುಳಿಗೇ ಹರಿಯುತ್ತದೆ. ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದವನ್ನು ಬಳಸಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಆ ಆದೇಶ ಬಹಳ ಹಿಂದೆಯೇ ಬರಬೇಕಾಗಿತ್ತು.

ಸರಿಯಾದ ಪೊಟ್ಟಣವನ್ನೂ ತಪ್ಪಾಗಿ ಬೆರೆಸಬಹುದು. ಒಂದು ಲೀಟರಿಗೆಂದು ಕೊಟ್ಟ 20.5 ಗ್ರಾಂ ಪುಡಿಯನ್ನು ಅರ್ಧ ಲೀಟರಿಗೆ ಹಾಕಿದರೆ ಸಾಂದ್ರತೆ 490 ಮಿಲಿಆಸ್ಮೋಲಿಗೆ, ಸೋಡಿಯಂ 150 ಮಿಲಿಮೋಲಿಗೆ ಏರುತ್ತದೆ. ಭೇದಿ ಹೆಚ್ಚುತ್ತದೆ, ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಹೋಗಬಹುದು. ಎರಡು ಲೀಟರಿಗೆ ಹಾಕಿದರೆ ಸೋಡಿಯಂ 37ಕ್ಕೆ ಇಳಿದು, ಕಳೆದುಹೋದ ಲವಣ ತುಂಬಿಬರುವುದಿಲ್ಲ. ಒಂದೊಂದು ಲೋಟ ಮಾಡಿಕೊಡುವ ಮನೆಗಳಿಗೆ 200 ಮಿಲಿಲೀಟರಿಗೆ ಬೆರೆಸುವ ಚಿಕ್ಕ ಪೊಟ್ಟಣಗಳೂ ಸಿಗುತ್ತವೆ. ದೊಡ್ಡ ಪೊಟ್ಟಣವನ್ನು ಅಂದಾಜಿನ ಮೇಲೆ ಭಾಗ ಮಾಡಿ ಹಾಕುವುದಕ್ಕಿಂತ, ಅದರ ಮೇಲೆ ಮುದ್ರಿಸಿದ ನೀರಿನ ಅಳತೆಯನ್ನು ಓದಿ, ಪೂರ್ತಿ ಪುಡಿಯನ್ನು ಒಮ್ಮೆಗೇ ಕರಗಿಸಿ 24 ಗಂಟೆಯೊಳಗೆ ಬಳಸಿ ಮುಗಿಸಬೇಕು.